ಅಗಲ ಬಾಯಿಯ ಕೊಡ

ಈಚೆಗೆ ನಾವು ಒಂದು ತಕರಾರು ಅರ್ಜಿಗೆ ಸಹಿ ಹಾಕಿದೆವು. ಬ್ಯಾಂಕಿನ ಕೌಂಟರಿನಲ್ಲಿ ಮೂವತ್ತನಾಲ್ಕು ವರ್ಷ ಕುಳಿತು ಎದ್ದ ನಮಗೆ ಸಹಿ ಹಾಕುವುದು ಹೊಸದೇನಲ್ಲ. ಆದರೆ ಇನ್ನೊಬ್ಬರ ಮಗುವಿಗೆ ಸಿಗುತ್ತಿದ್ದುದನ್ನು ಕಡಿಮೆ ಮಾಡಿರಿ ಎಂದು ಕೇಳುವ ಕಾಗದಕ್ಕೆ ಸಹಿ ಹಾಕಿದ್ದು ಇದೇ ಮೊದಲು. ಅದು ಸರಿಯೋ ತಪ್ಪೋ ಎಂದು ಅಂದಿನಿಂದ ನಮ್ಮ ಮನಸ್ಸಿನಲ್ಲಿ ನಡೆದಿರುವ ವ್ಯಾಜ್ಯವನ್ನು ಓದುಗರ ಮುಂದಿಡುತ್ತಿದ್ದೇವೆ.

ನಡೆದದ್ದು ಇಷ್ಟು. ಡೊಂಬಿವಲಿಯ ಹಳೆಯ ಮನೆಯನ್ನು ಮಾರಿ ಹಿರಿಯ ಮಗನ ಜೊತೆಗೆ ನಾವು ಖಾರಘರಕ್ಕೆ ಬಂದು ಕೆಲವು ವರ್ಷಗಳಾದವು. ಸಿಡ್ಕೋದವರು ಅಳತೆ ಮಾಡಿ ಗೆರೆ ಎಳೆದು ಕಟ್ಟಿದ ಊರು ಇದು. ಕಟ್ಟಡಗಳ ನಡುವೆ ಮಕ್ಕಳಿಗೆಂದು ಅಲ್ಲಲ್ಲಿ ಬಯಲು ಬಿಟ್ಟಿದ್ದಾರೆ. ಡೊಂಬಿವಲಿಯಲ್ಲಿ ನಮ್ಮ ಮಕ್ಕಳು ಚಾಳಿನ ಓಣಿಯಲ್ಲಿ, ಮೊದಲ ಮಹಡಿಯ ಕಿಟಕಿಗೆ ಚೆಂಡು ತಗುಲಿದರೆ ಔಟ್ ಎಂಬ ಕಾಯಿದೆಯಲ್ಲಿ ಕ್ರಿಕೆಟ್ ಕಲಿತವರು. ಮೊಮ್ಮಗನಿಗೆ ನೆಟ್ಟು, ಮ್ಯಾಟು, ಪ್ಯಾಡು, ಹೆಲ್ಮೆಟ್ಟು ಎಲ್ಲವೂ ಇವೆ. ತಿಂಗಳ ಫೀಸೂ ಇದೆ. ವಾರಕ್ಕೆ ಮೂರು ದಿನ ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ಶಿಬಿರ. ಮಗ ಸೊಸೆ ಇಬ್ಬರೂ ಹಾರ್ಬರ್ ಲೈನಿನ ಗಾಡಿ ಹಿಡಿಯುವ ಧಾವಂತದಲ್ಲಿರುವುದರಿಂದ ಕಿಟ್ಟಿನ ಚೀಲ ಹೊತ್ತು ಹಿಂದೆ ನಡೆಯುವ ಕೆಲಸ ನಮ್ಮದು. ನಮ್ಮಂಥ ಅಜ್ಜಂದಿರು ಅಲ್ಲಿ ಐದಾರು ಜನ ಇದ್ದೇವೆ. ಸಿಮೆಂಟಿನ ಕಟ್ಟೆಯ ಮೇಲೆ ಕೂಡುತ್ತೇವೆ, ಸಕ್ಕರೆ ಕಾಯಿಲೆಯ ಬಗ್ಗೆ ಮಾತಾಡುತ್ತೇವೆ.

ಕಲಿಸುವವರು ಮರಾಠಿಯವರು, ನಲವತ್ತೈದರ ಆಚೀಚಿನ ವಯಸ್ಸು. ಎಲ್ಲರಿಗೂ ಅವರು ‘ಸರ್’. ಸಹಾಯಕ್ಕೆ ಒಬ್ಬ ಕಾಲೇಜು ಹುಡುಗ. ಹನ್ನೆರಡು ಮಕ್ಕಳು, ಒಂದೇ ನೆಟ್ಟು, ಎರಡು ಗಂಟೆ. ಲೆಕ್ಕ ಬಲ್ಲವರು ಕೂಡಲೇ ಹೇಳಬಲ್ಲರು: ತಲೆಗೆ ಹತ್ತು ನಿಮಿಷ.

ಮಕ್ಕಳಲ್ಲಿ ಒಬ್ಬ ಹುಬ್ಬಳ್ಳಿಯ ಕಡೆಯವರ ಹುಡುಗ, ಎತ್ತರದವನು. ಅವನ ತಂದೆ ನೆಟ್ಟಿನ ಹಿಂದೆಯೇ ನಿಂತು ಪ್ರತಿ ಚೆಂಡಿಗೂ “ಮೊಳಕೈ ಮೇಲ!”, “ಕಾಲು ಮುಂದ!”, “ತಲಿ ಕೆಳಗ!” ಎಂದು ಕೂಗುವರು. ಹುಡುಗನ ತಲೆಯಲ್ಲಿ ಒಂದೇ ಹೊತ್ತಿಗೆ ಹನ್ನೊಂದು ಆಜ್ಞೆಗಳು. ಚೆಂಡಿಗೆ ಅಲ್ಲಿ ಜಾಗವಿಲ್ಲ. ಸರ್ ಅವನಿಗೆ ಏನನ್ನೂ ಹೇಳುವುದಿಲ್ಲ. ಬೌಲರನ ಕೈಯಿಂದ ಚೆಂಡು ಬಿಟ್ಟದ್ದು ಕಂಡ ಕ್ಷಣ “ಹಾಂ” ಎನ್ನು, ಅಷ್ಟೇ ಸಾಕು ಎಂದಿದ್ದಾರೆ. ಹುಡುಗನ ಸರದಿ ಬಂದಾಗ ತಂದೆಯನ್ನು ಮಾತ್ರ ಮೂಲೆಯ ಟಪರಿಯಿಂದ ಚಹ ತರಲು ಕಳಿಸುತ್ತಾರೆ. ಒಳ್ಳೆಯ ಚಿಕಿತ್ಸೆಯೆಂದು ಕಟ್ಟೆಯ ಮೇಲಿನ ನಮ್ಮೆಲ್ಲರ ಅಭಿಪ್ರಾಯ. ಚಹವೂ ಚೆನ್ನಾಗಿರುತ್ತದೆ.

ಇನ್ನೊಬ್ಬಳು ಉಡುಪಿಯ ಕಡೆಯ ಹೋಟೆಲಿನವರ ಮಗಳು. 2025ರ ನವೆಂಬರ್ 2ರಂದು ಇಲ್ಲಿಂದ ಮೂರು ಸ್ಟೇಷನ್ ಆಚೆಯ ನೆರೂಳಿನಲ್ಲಿ, ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ, ನಮ್ಮ ಹೆಣ್ಣುಮಕ್ಕಳು ದಕ್ಷಿಣ ಆಫ್ರಿಕವನ್ನು 52 ಓಟಗಳಿಂದ ಸೋಲಿಸಿ ವಿಶ್ವಕಪ್ ಗೆದ್ದರಲ್ಲ, ಅದರ ಮರುವಾರವೇ ಬಂದು ಸೇರಿದವಳು. ಎಡಗೈಯವಳು. ಮನೆಯಲ್ಲಿ ಅಜ್ಜಿ ಎಡಗೈಯಲ್ಲಿ ತುತ್ತು ಎತ್ತಿದರೆ ಗದರಿ ಬಲಗೈ ಅಭ್ಯಾಸ ಮಾಡಿಸಿದ್ದಾರೆ. ಬ್ಯಾಟಿನ ವಿಷಯದಲ್ಲೂ ಹಾಗೇ ತಿದ್ದಬೇಕೆ ಎಂದು ತಂದೆ ಕೇಳಿದಾಗ ಸರ್ ಕೈ ಮುಗಿದರು. ಸೌರವ್ ಗಂಗೂಲಿ ಬಲಗೈಯವರಾಗಿದ್ದೂ ಅಣ್ಣನ ಸಾಮಾನು ಬಳಸುವುದಕ್ಕಾಗಿ ಎಡಗೈ ಆಟ ಕಲಿತರು, ದೇವರು ಪುಕ್ಕಟೆ ಕೊಟ್ಟದ್ದನ್ನು ನೀವೇಕೆ ಕಿತ್ತುಕೊಳ್ಳುತ್ತೀರಿ ಎಂದರು. ಆಕೆ ಎಲ್ಲ ಚೆಂಡನ್ನೂ ಅಡ್ಡ ಬೀಸಿ ಗಾಳಿಗೆ ಎತ್ತುತ್ತಾಳೆ. ಸರ್ ಅದನ್ನೂ ತಡೆಯುವುದಿಲ್ಲ. ತಲೆ ಅಲುಗಿಸಬೇಡ ಎಂಬುದೊಂದೇ ಮಾತು.

ಇವರಿಬ್ಬರ ಬಗ್ಗೆ ಯಾರದೂ ತಕರಾರಿಲ್ಲ. ತಕರಾರು ಬಂದದ್ದು ಮೂರನೆಯವನಿಂದ. ಮಳೆಗಾಲ ಮುಗಿದು ಶಿಬಿರ ಮತ್ತೆ ತೊಡಗಿದ ಮೊದಲ ವಾರಗಳಲ್ಲಿ, ನೆಟ್ಟಿನ ಬದಿಯಲ್ಲಿ ಹೆಲ್ಮೆಟ್ಟು ತೆಗೆದು ನಿಂತಿದ್ದ ಈ ಹುಡುಗನ ತುಟಿಗೆ ಗಟ್ಟಿ ಚೆಂಡು ಬಡಿಯಿತು. ಎರಡು ಹೊಲಿಗೆ ಬಿದ್ದವು. ಗಾಯ ಹತ್ತು ದಿನಕ್ಕೆ ಮಾಯಿತು. ಆದರೆ ಆ ಬಳಿಕ ಬೌಲರ್ ಓಡಿ ಬರತೊಡಗಿದೊಡನೆ ಅವನ ಹಿಂದಿನ ಕಾಲು ತನ್ನಷ್ಟಕ್ಕೆ ತಾನೇ ಸ್ಕ್ವೇರ್ ಲೆಗ್ಗಿನ ಕಡೆಗೆ ಜಾರುತ್ತದೆ. ಮನಸ್ಸು ನಿಲ್ಲು ಎಂದರೂ ಕಾಲು ಕೇಳುವುದಿಲ್ಲ. ಇದಕ್ಕೆ ಹಳಬರು ಮಾಡುವ ಉಪಾಯ ಹಿಮ್ಮಡಿಯ ಹಿಂದೆ ಒಂದು ಬ್ಯಾಟನ್ನೋ ಇಟ್ಟಿಗೆಯನ್ನೋ ಅಡ್ಡ ಇಡುವುದು. ಸರ್ ಅದನ್ನು ಮಾಡಲಿಲ್ಲ. ನೆಟ್ಟನ್ನು ಸಹಾಯಕನಿಗೆ ಒಪ್ಪಿಸಿ, ಹುಡುಗನನ್ನು ಬೇವಿನ ಮರದ ಬುಡಕ್ಕೆ ಕರೆದೊಯ್ದು, ಆರು ಹೆಜ್ಜೆ ದೂರದಿಂದ ಟೆನ್ನಿಸ್ ಚೆಂಡನ್ನು ಎಸೆದು ಬರಿಗೈಯಲ್ಲಿ ಹಿಡಿಸಿದರು. ಬ್ಯಾಟೇ ಇಲ್ಲ. ಒಂದು ವಾರ ಹಾಗೆ. ಆಮೇಲೆ ಅದೇ ಚೆಂಡನ್ನು ನೀರಿನಲ್ಲಿ ನೆನೆಸಿ ಸ್ವಲ್ಪ ಭಾರ ಮಾಡಿ. ಆಮೇಲೆ ಕೈಗೆ ಬ್ಯಾಟು ಕೊಟ್ಟು, ಹೊಡೆಯಬೇಡ, ಚೆಂಡು ಬ್ಯಾಟಿಗೆ ಬಂದು ಮುಟ್ಟಲಿ ಎಂದು. ಪ್ರತಿ ದಿನ ಅರ್ಧ ಗಂಟೆ, ಕೆಲವು ದಿನ ಮುಕ್ಕಾಲು ಗಂಟೆ. ಆರು ವಾರ ಹೀಗೇ ನಡೆಯಿತು.

ಅರ್ಜಿ ಬರೆದದ್ದು ಒಬ್ಬ ಚಾರ್ಟರ್ಡ್ ಅಕೌಂಟೆಂಟ್ ತಂದೆ. ಕಾಗದ ಸಭ್ಯವಾಗಿಯೇ ಇತ್ತು. ಎಲ್ಲರ ಫೀಸೂ ಒಂದೇ ಆಗಿರುವಾಗ ಒಬ್ಬ ವಿದ್ಯಾರ್ಥಿಗೆ ನಾಲ್ಕನೆಯ ಒಂದು ಪಾಲು ಹೊತ್ತು ಕೊಡುವುದು ನ್ಯಾಯವಲ್ಲ. ಪ್ರತಿ ಮಗುವಿಗೂ ಸರ್ ಅವರ ಹತ್ತು ನಿಮಿಷ ಸಿಗಲೇಬೇಕು, ಬೇಕಾದರೆ ಗಡಿಯಾರ ಇಟ್ಟುಕೊಳ್ಳಲಿ. ಹನ್ನೆರಡರಲ್ಲಿ ಏಳು ಮನೆಯವರು ಸಹಿ ಹಾಕಿದೆವು. ನಮ್ಮ ಮೊಮ್ಮಗ ನೆಟ್ಟಿನಲ್ಲಿ ತನ್ನ ಹತ್ತು ನಿಮಿಷ ಆಡಿ ಬರುವನು, ನೋಡುವವರಿಲ್ಲ. ಗೊಣಗುವವನಲ್ಲ. ಗೊಣಗದ ಮಗುವಿನ ಪರವಾಗಿ ಗೊಣಗುವುದು ಹಿರಿಯರ ಧರ್ಮವೆಂದು ನಮಗೆ ಅನ್ನಿಸಿತು.

ಮುಂದಿನ ಭಾನುವಾರ ಸೊಸೈಟಿಯ ಕೋಣೆಯಲ್ಲಿ ಸಭೆ. ಹೆದರಿದ ಹುಡುಗನ ತಾಯಿ ಕೊನೆಯ ಕುರ್ಚಿಯಲ್ಲಿ ಸೆರಗನ್ನು ಬೆರಳಿಗೆ ಸುತ್ತುತ್ತ ಕುಳಿತಿದ್ದರು. ಅವರ ಕಡೆಗೆ ನಾವು ಹೆಚ್ಚು ನೋಡಲಿಲ್ಲ. ಸರ್ ಒಂದು ಇನ್ನೂರು ಪುಟದ ನೋಟುಬುಕ್ಕು ತಂದಿದ್ದರು. ಅವರು ವಾದ ಮಾಡಲಿಲ್ಲ. ಆ ಹುಡುಗನಿಗೆ ಈಗ ಹೆಚ್ಚು ಹೊತ್ತು ಬೇಕು, ಕೊಡುತ್ತಿದ್ದೇನೆ. ನಾಳೆ ನಿಮ್ಮ ಮಗುವಿಗೆ ಬೇಕಾದರೆ ಅದಕ್ಕೂ ಕೊಡುತ್ತೇನೆ ಎಂದರು. ಆಗ ಒಬ್ಬ ತಾಯಿ ಎದ್ದು ನಿಂತು, “ಬೇಕು ಬೇಡ ಎಂದು ತೀರ್ಮಾನಿಸುವವರು ಯಾರು?” ಎಂದು ಕೇಳಿದರು. ಸರಿಯಾದ ಪ್ರಶ್ನೆ. ಸರ್ ಸ್ವಲ್ಪ ತಡೆದು, “ನಾನೇ. ತಪ್ಪಲೂಬಹುದು. ಅದಕ್ಕೇ ಏನು ಮಾಡಿದರೂ ಎಲ್ಲರ ಕಣ್ಣೆದುರಿಗೆ ಮಾಡುತ್ತೇನೆ” ಎಂದರು. ಆಮೇಲೆ ನೋಟುಬುಕ್ಕನ್ನು ಬಿಚ್ಚಿ ಒಬ್ಬೊಬ್ಬ ಮಗುವಿನ ಪುಟವನ್ನು ಓದಿದರು. ನಾಲ್ಕು ಮಕ್ಕಳ ಪುಟದಲ್ಲಿ ಹಾಜರಿಯ ತಾರೀಖುಗಳನ್ನು ಬಿಟ್ಟರೆ ಒಂದು ಅಕ್ಷರವೂ ಇರಲಿಲ್ಲ. ಅದನ್ನೂ ಮುಚ್ಚಿಡದೆ ಹೇಳಿದರು. ಆ ನಾಲ್ಕರಲ್ಲಿ ಒಂದು ನಮ್ಮ ಮೊಮ್ಮಗನದು.

ಸಭೆ ಯಾವ ನಿರ್ಣಯವೂ ಇಲ್ಲದೆ, ವಡಾಪಾವ್ ತಿಂದು ಮುಗಿಯಿತು. ನಮ್ಮ ಒಳಗಿನ ಸಭೆ ಮುಗಿಯಲಿಲ್ಲ.

ಧಾರವಾಡದ ಕಾಲೇಜಿನಲ್ಲಿ ನಾವು ತತ್ತ್ವಶಾಸ್ತ್ರವನ್ನು ಒಂದು ವಿಷಯವಾಗಿ ಓದಿದ್ದೆವು; ಬ್ಯಾಂಕಿನಲ್ಲಿ ಅದು ಯಾವ ಉಪಯೋಗಕ್ಕೂ ಬರಲಿಲ್ಲ. ಈಗ ನೆನಪಾದವನು ಅರಿಸ್ಟಾಟಲ್. ಎಲ್ಲದರಲ್ಲೂ ಮಧ್ಯಮ ಮಾರ್ಗ ಎಂದು ಹೇಳಿದವನೆಂದೇ ಅವನು ಪ್ರಸಿದ್ಧ. ಆದರೆ ಆ ಮಧ್ಯಮವನ್ನು ವಿವರಿಸುವಾಗ ಅವನು ತೆಗೆದುಕೊಳ್ಳುವ ಉದಾಹರಣೆ ಗರಡಿಯದು. ಹತ್ತು ತೂಕದ ಊಟ ಬಹಳ, ಎರಡು ತೂಕ ಕಡಿಮೆ ಎಂದಾದರೆ ಉಸ್ತಾದನು ಕೂಡಿಸಿ ಭಾಗಿಸಿ ಎಲ್ಲರಿಗೂ ಆರು ತೂಕ ಬಡಿಸುತ್ತಾನೆಯೆ? ಇಲ್ಲ. ಮಿಲೋನಂಥ ಜಗಜಟ್ಟಿಗೆ ಆರು ಸಾಲದು. ಈಗ ತಾನೆ ಗರಡಿಯ ಮಣ್ಣು ಮುಟ್ಟಿದವನಿಗೆ ಆರು ಅಜೀರ್ಣ. ಅದೇ ಗ್ರಂಥದ ಕೊನೆಯ ಭಾಗದಲ್ಲಿ ಅವನು ಮತ್ತೆ ಈ ಮಾತಿಗೆ ಬಂದು, ಮುಷ್ಟಿಯುದ್ಧ ಕಲಿಸುವವನೂ ಎಲ್ಲ ಶಿಷ್ಯರಿಗೂ ಒಂದೇ ವರಸೆಯನ್ನು ಕಲಿಸಲಾರ ಎನ್ನುತ್ತಾನೆ. ನಮ್ಮ ಅರ್ಜಿಯ ಹತ್ತು ನಿಮಿಷ ಆ ಆರು ತೂಕದ ಊಟವೇ ಆಗಿತ್ತು.

ಆಟದ ಚರಿತ್ರೆಯೂ ಇದನ್ನೇ ಹೇಳುವಂತಿದೆ. ಶಿವಾಜಿ ಪಾರ್ಕಿನ ರಮಾಕಾಂತ ಆಚ್ರೇಕರ್ ಸ್ಟಂಪಿನ ಮೇಲೆ ಒಂದು ರೂಪಾಯಿ ನಾಣ್ಯವಿಡುತ್ತಿದ್ದ ಸಂಗತಿ ಮುಂಬಯಿಯಲ್ಲಿ ಗೊತ್ತಿಲ್ಲದವರಿಲ್ಲ. ಬಾಲಕ ಸಚಿನ್‌ನನ್ನು ಔಟ್ ಮಾಡಿದವನಿಗೆ ಆ ನಾಣ್ಯ. ಯಾರೂ ಮಾಡದಿದ್ದರೆ ಸಚಿನ್‌ಗೆ. ಹಾಗೆ ಗೆದ್ದ ಹದಿಮೂರು ನಾಣ್ಯಗಳು ಅವರಿಗೆ ಅಮೂಲ್ಯವಂತೆ. ದಣಿದರೂ ಹಸಿವು ತೀರದ ಹುಡುಗನಿಗೆ ಅದು ಸರಿಯಾದ ಔಷಧ. ಅದೇ ನಾಣ್ಯವನ್ನು ನಮ್ಮ ಹೊಲಿಗೆ ಬಿದ್ದ ತುಟಿಯ ಹುಡುಗನ ಸ್ಟಂಪಿನ ಮೇಲೆ ಇಟ್ಟಿದ್ದರೆ ಅದು ಶಿಕ್ಷೆಯಾಗುತ್ತಿತ್ತು. 1988ರ ಫೆಬ್ರವರಿಯಲ್ಲಿ ಆಜಾದ್ ಮೈದಾನದ ಹ್ಯಾರಿಸ್ ಶೀಲ್ಡ್ ಪಂದ್ಯದಲ್ಲಿ ಆಚ್ರೇಕರರ ಇಬ್ಬರು ಶಿಷ್ಯರು ಮುರಿಯದ ಜೊತೆಯಾಟದಲ್ಲಿ 664 ಓಟ ಸೇರಿಸಿದರು: ಸಚಿನ್ 326, ಕಾಂಬ್ಳಿ 349. ಒಬ್ಬ ಬಲಗೈ, ಒಬ್ಬ ಎಡಗೈ. ಒಂದೇ ಶಾಲೆ, ಒಂದೇ ಗುರು; ಆಟಕ್ಕೆ ಆಟ ಹೋಲುವುದಿಲ್ಲ. ಇನ್ನು ಸಚಿನ್ ಬ್ಯಾಟಿನ ಹಿಡಿಯನ್ನು ಬಹಳ ಕೆಳಗೆ ಹಿಡಿಯುತ್ತಿದ್ದರು. ಚಿಕ್ಕಂದಿನಲ್ಲಿ ಅಣ್ಣನ ದೊಡ್ಡ ಬ್ಯಾಟಿನಲ್ಲಿ ಆಡಿದ್ದರಿಂದ ಬಂದ ಅಭ್ಯಾಸವದು. ತಿದ್ದಿಕೊಳ್ಳೆಂದು ಹೇಳಿದವರಿದ್ದರು, ಅವರು ಪ್ರಯತ್ನಪಟ್ಟು, ಒಗ್ಗದೆ, ಹಳೆಯ ಹಿಡಿತಕ್ಕೇ ಮರಳಿದರು. ಈ ಅಣ್ಣನ ಬ್ಯಾಟಿನ ಕಥೆಯನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಅದನ್ನು ನಾವು ಒಂದು ಕಡೆ ದುರುಪಯೋಗಪಡಿಸಿಕೊಂಡಿದ್ದೇವೆ.

ನಮ್ಮ ಓದುಗರಲ್ಲಿ ಹಲವರ ಮೊಮ್ಮಕ್ಕಳು ಅಮೆರಿಕದಲ್ಲಿ ಕ್ರಿಕೆಟ್ ಬಿಟ್ಟು ಬೇಸ್‌ಬಾಲ್ ಹಿಡಿದಿದ್ದಾರೆ. ಅಲ್ಲಿಯೂ ಇದೇ ಜಗಳ. 1941ರಲ್ಲಿ .406 ಸರಾಸರಿ ಹೊಡೆದ ಟೆಡ್ ವಿಲಿಯಮ್ಸ್ 1971ರಲ್ಲಿ ಒಂದು ಪುಸ್ತಕ ಬರೆದರು. ಚೆಂಡು ಎಸೆಯುವವನು ದಿಬ್ಬದ ಮೇಲೆ ನಿಲ್ಲುವುದರಿಂದ ಚೆಂಡು ಇಳಿಯುತ್ತ ಬರುತ್ತದೆ, ಆದ್ದರಿಂದ ದಾಂಡು ಸ್ವಲ್ಪ ಮೇಲ್ಮುಖವಾಗಿ ಬೀಸಬೇಕು ಎಂಬುದು ಅವರ ಸಿದ್ಧಾಂತ. ಚಾರ್ಲಿ ಲಾವ್ ಎಂಬ ಇನ್ನೊಬ್ಬ ಗುರು, ಮೈಭಾರವನ್ನು ಹಿಂಗಾಲಿನಿಂದ ಮುಂಗಾಲಿಗೆ ಹರಿಸುವುದೇ ಮುಖ್ಯವೆಂದರು. ಅವರ ಶಿಷ್ಯ ಜಾರ್ಜ್ ಬ್ರೆಟ್ 1980ರಲ್ಲಿ .390 ಹೊಡೆದರು. ಎರಡು ಮತಗಳು, ಎರಡರಲ್ಲೂ ಮೋಕ್ಷ ಕಂಡವರು. ತನ್ನ ಮತವೊಂದೇ ಸತ್ಯವೆಂದು ಹಿಡಿದ ಗುರುವಿನ ಕೈಗೆ ಸಿಕ್ಕ, ಇನ್ನೊಂದು ಮತಕ್ಕೆ ಹುಟ್ಟಿದ ಮಗುವಿನ ಗತಿ ಏನು? ಆ ಹೆಸರುಗಳು ಯಾವ ದಾಖಲೆಯಲ್ಲೂ ಇರುವುದಿಲ್ಲ.

ಇಲ್ಲಿಗೆ ಬಂದಾಗ ನಮಗೆ ಮೈದಾನ ಮರೆತು ಮನೆ ನೆನಪಾಯಿತು. ನಮಗೆ ಇಬ್ಬರು ಗಂಡುಮಕ್ಕಳು. ಇಬ್ಬರನ್ನೂ ಒಂದೇ ಸಮನಾಗಿ ಬೆಳೆಸಿದೆವೆಂಬುದು ಮೊನ್ನೆ ಮೊನ್ನೆಯವರೆಗೂ ನಮ್ಮ ಹೆಮ್ಮೆ. ದೀಪಾವಳಿಗೆ ಒಂದೇ ತಾನಿನ ಬಟ್ಟೆಯಲ್ಲಿ ಇಬ್ಬರಿಗೂ ಅಂಗಿ. ಒಂದೇ ಶಾಲೆ, ಒಂದೇ ಟ್ಯೂಶನ್ ಕ್ಲಾಸು, ಹತ್ತನೆಯ ಇಯತ್ತೆಯ ನಂತರ ಇಬ್ಬರಿಗೂ ವಿಜ್ಞಾನ. ಹಿರಿಯವನು ಅದರಲ್ಲಿ ಈಜಿ ದಡ ಸೇರಿದ. ಕಿರಿಯವನು ಪುಸ್ತಕದ ಅಂಚಿನಲ್ಲೆಲ್ಲ ಚಿತ್ರ ಬಿಡಿಸುವವನು. ರಸಾಯನಶಾಸ್ತ್ರದ ಪುಸ್ತಕದಲ್ಲಿ ಪಾತ್ರೆ, ಕೊಳವೆಗಳಿಗೆಲ್ಲ ಕಣ್ಣು ಮೂಗು ಬರೆದಿಟ್ಟಿದ್ದ. ಹನ್ನೆರಡನೆಯದರಲ್ಲಿ ಎರಡು ಸಲ ನಪಾಸಾದ. ಅಣ್ಣನಿಗೆ ಕೊಟ್ಟದ್ದರಲ್ಲಿ ನಿನಗೇನು ಕಡಿಮೆ ಮಾಡಿದೆವು ಎಂದು ನಾವು ಕೇಳಿದ್ದು ಒಂದು ಸಲವಲ್ಲ. ಈಗ ಅವನು ಪುಣೆಯಲ್ಲಿ ಮುದ್ರಣದ ವಿನ್ಯಾಸ ಮಾಡಿಕೊಂಡು ಚೆನ್ನಾಗಿಯೇ ಇದ್ದಾನೆ. ಆದರೆ ಆ ದಾರಿಯನ್ನು ಒಬ್ಬನೇ, ತಡವಾಗಿ, ನಮ್ಮ ಮುಖ ತಪ್ಪಿಸಿಕೊಂಡು ಹುಡುಕಿಕೊಂಡ. ಅರ್ಜಿಯ ಕಥೆಯನ್ನು ಫೋನಿನಲ್ಲಿ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಪ್ಪಾ, ನೀವು ನನಗ ಅನ್ಯಾಯ ಮಾಡಿದ್ರಿ ಅಂತ ನಾ ಎಂದೂ ಅಂದಿಲ್ಲ. ನನ್ನ ನೋಡಲಿಲ್ಲ, ಅಷ್ಟ” ಎಂದ. ಆಮೇಲೆ ಹವೆಯ ಬಗ್ಗೆ ಮಾತಾಡಿದೆವು.

ಹಾಗಾದರೆ ಎಲ್ಲರಿಗೂ ಸಮಪಾಲು ಎಂಬುದನ್ನು ಬಿಟ್ಟು, ಅವರವರಿಗೆ ಬೇಕಾದುದನ್ನು ಕೊಡು ಎಂದು ಹೇಳಿ ನಿಲ್ಲಬಹುದೆ? ಸಹಿ ಹಾಕಿದವರ ಪರವಾಗಿ ಒಂದು ಮಾತು ಹೇಳಲೇಬೇಕು. ನಾವೆಲ್ಲ ಊರು ಬಿಟ್ಟು ಬಂದ ಜನ. ಸಾಲಿನಲ್ಲಿ ನಿಂತು, ನಂಬರು ಬಂದಾಗ ಪಡೆದು ಬದುಕಿದವರು. ‘ವಿಶೇಷ ಗಮನ’ ಎಂಬ ಹೆಸರಿನಲ್ಲಿ ಯಾರ ಮಕ್ಕಳಿಗೆ ಏನೇನು ಸಿಗುತ್ತದೆ ಎಂಬುದನ್ನು ಕಣ್ಣಾರೆ ಕಂಡಿದ್ದೇವೆ. ಗಡಿಯಾರಕ್ಕೆ ಹೃದಯವಿಲ್ಲ ನಿಜ. ಆದರೆ ಅದಕ್ಕೆ ನೆಂಟರೂ ಇಲ್ಲ.

ಖಾರಘರದ ಗುಡ್ಡದಲ್ಲಿ ಪಾಂಡವಕಡಾ ಎಂಬ ಜಲಪಾತವಿದೆ. ಮಳೆಗಾಲದಲ್ಲಿ ಬಂಡೆಯಿಂದ ನೇರ ಕೆಳಗೆ ಧುಮುಕುತ್ತದೆ. ಉಳಿದ ದಿನಗಳಲ್ಲಿ ಒಂದು ಕಪ್ಪು ಗೆರೆ. ವನವಾಸ ಕಾಲದಲ್ಲಿ ಪಾಂಡವರು ಇಲ್ಲಿ ಮಿಂದರೆಂದು ಸುತ್ತಲಿನವರ ನಂಬಿಕೆ. ಒಂದು ಬೆಳಿಗ್ಗೆ ಮೊಮ್ಮಗ ಆ ಕಡೆ ಕೈ ತೋರಿಸಿ ಪಾಂಡವರ ಕಥೆ ಕೇಳಿದ. ದ್ರೋಣರ ಗರಡಿಯಿಂದ ತೊಡಗಿದೆವು. ಹೇಳುತ್ತ ಹೇಳುತ್ತ ನಮಗೇ ಹೊಳೆಯಿತು: ಒಬ್ಬೊಬ್ಬ ಶಿಷ್ಯನ ಅಳತೆ ನೋಡಿ ಕಲಿಸುವುದರಲ್ಲಿ ದ್ರೋಣರನ್ನು ಮೀರಿಸಿದವರಿಲ್ಲ. ಭೀಮ ದುರ್ಯೋಧನರು ಗದೆಯಲ್ಲಿ, ನಕುಲ ಸಹದೇವರು ಕತ್ತಿವರಸೆಯಲ್ಲಿ, ಧರ್ಮರಾಯ ರಥದಲ್ಲಿ, ಅರ್ಜುನ ಬಿಲ್ಲಿನಲ್ಲಿ ಮೇಲಾದರು. ನಮ್ಮ ಸರ್ಕಾರ 1985ರಿಂದ ಒಳ್ಳೆಯ ತರಬೇತುದಾರರಿಗೆ ಕೊಡುತ್ತಿರುವ ಪ್ರಶಸ್ತಿಗೆ ಅವರ ಹೆಸರನ್ನೇ ಇಟ್ಟಿದೆ. ಆಚ್ರೇಕರರಿಗೆ ಅದು 1990ರಲ್ಲಿ ಬಂದಿತು.

ಆದರೆ ಅದೇ ಆದಿಪರ್ವದಲ್ಲಿ ಒಂದು ಚಿಕ್ಕ ಪ್ರಸಂಗವಿದೆ. ಏಕಲವ್ಯನ ಹೆಬ್ಬೆರಳಿನ ಕಥೆಯ ಎದುರಿಗೆ ಅದನ್ನು ಯಾರೂ ಲಕ್ಷಿಸುವುದಿಲ್ಲ. ದ್ರೋಣರು ಶಿಷ್ಯರನ್ನು ನೀರು ತರಲು ಕಳಿಸುವಾಗ ಎಲ್ಲರಿಗೂ ಇಕ್ಕಟ್ಟು ಬಾಯಿಯ ಪಾತ್ರೆ ಕೊಡುತ್ತಿದ್ದರು. ತಮ್ಮ ಮಗ ಅಶ್ವತ್ಥಾಮನಿಗೆ ಮಾತ್ರ ಅಗಲ ಬಾಯಿಯದು. ಅವನದು ಬೇಗ ತುಂಬುವುದು. ಉಳಿದವರು ನದಿಯ ದಡದಲ್ಲಿ ಗುಳುಗುಳು ಎನಿಸುತ್ತಿರುವಾಗ ಅವನು ಬಂದುಬಿಡುವನು. ಆ ಸಂದಿನಲ್ಲಿ ತಂದೆ ಮಗನಿಗೆ ಮೇಲಿನ ವಿದ್ಯೆ. ಅರ್ಜುನ ಇದನ್ನು ಕಂಡುಹಿಡಿದು ವಾರುಣಾಸ್ತ್ರದಿಂದ ತನ್ನ ಪಾತ್ರೆಯನ್ನು ತಟಕ್ಕನೆ ತುಂಬಿಸಿ, ಅಶ್ವತ್ಥಾಮನ ಜೊತೆಗೇ ಬಂದು ನಿಲ್ಲತೊಡಗಿದನಂತೆ.

“ಇದು ಚೀಟಿಂಗ್” ಎಂದ ಮೊಮ್ಮಗ. ಹೌದು ಎಂದೆವು. ಆದರೆ ಏಕೆ ಎಂದು ಅವನಿಗೆ ಬಿಡಿಸಿ ಹೇಳಹೊರಟಾಗ ತಡವರಿಸಿದೆವು. ಬೇವಿನ ಮರದ ಕೆಳಗೆ ಆ ಹುಡುಗನಿಗೆ ಸಿಗುವ ಅರ್ಧ ಗಂಟೆಯೂ ಅಗಲ ಬಾಯಿಯ ಕೊಡವೇ ಅಲ್ಲವೆ? ಒಬ್ಬನಿಗೆ ಹೆಚ್ಚು, ಉಳಿದವರಿಗೆ ಕಡಿಮೆ. ಹೊತ್ತಿನ ಲೆಕ್ಕದಲ್ಲಿ ಎರಡೂ ಒಂದೇ. ವ್ಯತ್ಯಾಸವಿರುವುದು ಇನ್ನೊಂದು ಕಡೆ. ಮಗನಿಗೆ ಹೆಚ್ಚು ಕಲಿಸುತ್ತೇನೆ ಎಂದು ದ್ರೋಣರು ಶಿಷ್ಯರೆದುರು ಹೇಳಲಾರದವರಾಗಿದ್ದರು. ಹೇಳುವಂತಿದ್ದರೆ ಪಾತ್ರೆಯ ಬಾಯಿಯ ಉಪಾಯ ಬೇಕಿರಲಿಲ್ಲ. ನಮ್ಮ ಸರ್ ಮೈದಾನದ ನಡುವೆ, ಹನ್ನೊಂದು ಮಕ್ಕಳು, ಐದಾರು ಅಜ್ಜಂದಿರು ನೋಡುತ್ತಿರುವಂತೆ ಕೊಟ್ಟರು. ಏಕೆ ಎಂದು ಕೇಳಿದಾಗ ನೋಟುಬುಕ್ಕು ತೆರೆದರು. ಅಗತ್ಯವೋ ಪಕ್ಷಪಾತವೋ ಎಂದು ಅಳೆಯುವುದಕ್ಕೆ ಇದಕ್ಕಿಂತ ಒಳ್ಳೆಯ ಗಜಕಡ್ಡಿ ನಮಗೆ ತೋಚಿಲ್ಲ. ಪೂರ್ತಿ ಸಾಲದು, ಬಲ್ಲೆವು. ನಾಚಿಕೆಯಿಲ್ಲದೆ ಎಲ್ಲರೆದುರಿಗೇ ಪಕ್ಷಪಾತ ಮಾಡುವವರೂ ಲೋಕದಲ್ಲಿದ್ದಾರೆ.

ಇನ್ನೂ ಒಂದು ಅಪಾಯವಿದೆ. ಅದು ಒಳ್ಳೆಯವರಿಂದಲೇ ಬರುವುದು. ಮಗುವಿನ ಅಗತ್ಯ ಇದೇ ಎಂದು ಗುರುತಿಸಿದ ಮೇಲೆ ಅದು ಹಣೆಬರಹವಾಗಿಬಿಡುತ್ತದೆ. ಇವನು ಹೆದರುಪುಕ್ಕ, ಅವಳು ಬರೀ ಬೀಸುವವಳು, ಈತ ತಡೆಯುವುದಕ್ಕಷ್ಟೇ ಲಾಯಕ್ಕು. ಹತ್ತು ವರ್ಷದ ಮಗುವಿಗೆ ಜಾತಿ ಕಟ್ಟಿದಂತೆ. ಮೈಸೂರಿನ ಬಿ.ಎಸ್. ಚಂದ್ರಶೇಖರರಿಗೆ ಬಾಲ್ಯದಲ್ಲಿ ಪೋಲಿಯೊ ತಗುಲಿ ಬಲಗೈ ಬತ್ತಿಹೋಯಿತು. ಫೀಲ್ಡಿಂಗಿನಲ್ಲಿ ಚೆಂಡನ್ನು ಎಡಗೈಯಲ್ಲಿ ಎಸೆಯುತ್ತಿದ್ದರು. ಅಂಥ ಹುಡುಗನನ್ನು ಒಂದು ಶಿಬಿರಕ್ಕೆ ಕರೆದೊಯ್ದರೆ ದಯಾಳುವಾದ ಯಾವ ಗುರುವಾದರೂ ಅವನ ಅಗತ್ಯವನ್ನು ಹೇಗೆ ಓದಿಯಾನು? ಎಡಗೈಯಲ್ಲಿ ಕಲಿಸೋಣ ಎಂದಾನು. ಅಥವಾ ಸ್ಕೋರು ಬರೆಯಲು ಕೂಡಿಸಿಯಾನು. ಆ ಬತ್ತಿದ ಬಲಗೈಯಿಂದಲೇ ಅವರು 1971ರ ಆಗಸ್ಟಿನಲ್ಲಿ ಓವಲ್ ಮೈದಾನದಲ್ಲಿ 38 ಓಟ ಕೊಟ್ಟು 6 ವಿಕೆಟ್ ಕಿತ್ತರು. ಇಂಗ್ಲೆಂಡ್ 101ಕ್ಕೆ ಉದುರಿತು. ಆ ನೆಲದಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಗೆಲುವು. ಒಟ್ಟು 242 ಟೆಸ್ಟ್ ವಿಕೆಟ್ ಅವರ ಹೆಸರಿನಲ್ಲಿವೆ. ಧಾರವಾಡದಲ್ಲಿ ರೇಡಿಯೋದ ಸುತ್ತ ನಿಂತು ಆ ಸುದ್ದಿ ಕೇಳಿದವರಲ್ಲಿ ನಾವೂ ಒಬ್ಬರು. ಕೊರತೆಯೆಂದು ಕಂಡದ್ದು ಕೊರತೆಯೇ ಎಂದು ಆಗಲೇ ತೀರ್ಮಾನಿಸಿದ್ದರೆ ಆ ರೇಡಿಯೋ ಬೇರೆ ಏನನ್ನೋ ಹೇಳುತ್ತಿತ್ತು. ಸರ್ ಅವರ ನೋಟುಬುಕ್ಕು ಪೆನ್ಸಿಲ್ಲಿನಲ್ಲಿ ಬರೆದದ್ದೆಂಬುದನ್ನು ನಾವು ಆಮೇಲೆ ಗಮನಿಸಿದೆವು. ಅದು ಬೇಕೆಂದೇ ಮಾಡಿದ್ದೋ, ಪೆನ್ನು ಸಿಗದೆಯೋ, ಕೇಳಿಲ್ಲ.

ಹೆದರಿದ ಹುಡುಗನ ಕಥೆ ಸುಖಾಂತವಾಯಿತು ಎಂದು ಬರೆಯುವಂತಿದ್ದರೆ ಚೆನ್ನಾಗಿರುತ್ತಿತ್ತು. ಸಭೆಯ ಮರುದಿನ ಅವನು ಬರಲಿಲ್ಲ. ಒಂದು ವಾರ ಬರಲಿಲ್ಲ. ತಾಯಿ ಸಂಕೋಚಪಟ್ಟರೆಂದು ತೋರುತ್ತದೆ. ಸರ್ ತಾವೇ ಅವರ ಮನೆಗೆ ಹೋಗಿ ಕರೆತಂದರು. ಈಗ ಪ್ಲಾಸ್ಟಿಕ್ಕಿನ ಚೆಂಡಿಗೆ ಧೈರ್ಯವಾಗಿ ಆಡುತ್ತಾನೆ. ಗಟ್ಟಿ ಚೆಂಡು ಕಂಡರೆ ಕಾಲು ಇನ್ನೂ ಜಾರುತ್ತದೆ, ಮೊದಲಿನಷ್ಟಲ್ಲ. ಮುಂದೆ ಆಟ ಬಿಟ್ಟರೂ ಬಿಟ್ಟಾನು. ಬಿಟ್ಟರೆ ಆ ಅರ್ಧ ಗಂಟೆಗಳೆಲ್ಲ ನಷ್ಟವಾದವೆ ಎಂದು ಚಾರ್ಟರ್ಡ್ ಅಕೌಂಟೆಂಟರು ಕೇಳಿದರು. ನಾವು ಉತ್ತರ ಕೊಡಲಿಲ್ಲ. ಬ್ಯಾಂಕಿನವರಿಗೆ ಇಂಥ ಖಾತೆಯನ್ನು ಯಾವ ಶಿರೋನಾಮೆಯಲ್ಲಿ ಬರೆಯಬೇಕೆಂದು ಯಾರೂ ಕಲಿಸಿರುವುದಿಲ್ಲ.

ನಮ್ಮ ಮೊಮ್ಮಗನ ಖಾಲಿ ಪುಟ ಮಾತ್ರ ನಮ್ಮನ್ನು ಬಿಡಲಿಲ್ಲ. ಒಂದು ದಿನ ದಾರಿಯಲ್ಲಿ ಅವನೇ, “ಅಜ್ಜಾ, ಸರ್ ನನಗ ಏನೂ ಹೇಳೂದ ಇಲ್ಲಲ್ಲ, ಯಾಕ?” ಎಂದ. ಅಳುವ ಮಗುವಿಗೆ ಹಾಲು. ಚುರುಕಿನ ಮಗುವಿಗೆ ಬಹುಮಾನ. ನಡುವೆ ಸುಮ್ಮನೆ ಸಾಲಿನಲ್ಲಿ ನಿಂತ ಮಗುವಿಗೆ ಏನು? ಸಮಪಾಲಿನ ಗಡಿಯಾರ ಅದಕ್ಕೆ ಹತ್ತು ನಿಮಿಷ ಕೊಡುತ್ತದೆ. ಅಗತ್ಯ ನೋಡಿ ಕೊಡುವ ಗುರು, ಅಗತ್ಯವೇ ಕಾಣದ್ದರಿಂದ, ಏನನ್ನೂ ಕೊಡದೆ ಇರಬಹುದು. ನಮ್ಮ ಸಹಿಯಲ್ಲಿ ಸತ್ಯವೇನಾದರೂ ಇದ್ದರೆ ಅದು ಇಷ್ಟೇ. ಕೇಳಬೇಕಾಗಿದ್ದುದು ನಿಮಿಷವನ್ನಲ್ಲ, ಅದು ಅರ್ಜಿಯಲ್ಲಿ ಬರೆಯಲು ಬರುವಂಥದೂ ಆಗಿರಲಿಲ್ಲ. ಮರುದಿನ ನಾವು ಸರ್ ಬಳಿ ಹೋಗಿ, ಅರ್ಜಿ ಗಿರ್ಜಿ ಇಲ್ಲದೆ, ನಮ್ಮ ಹುಡುಗನನ್ನು ಒಂದು ಸಲ ನೋಡಿರಿ ಎಂದೆವು.

ಅವರು ನೋಡಿದರು. ಒಂದು ಮಾತೂ ಆಡದೆ ಎರಡು ಓವರು ನೋಡಿದರು. ಆಮೇಲೆ ಅವನನ್ನು ಹೊರಗೆ ಕರೆದು, ಬ್ಯಾಟನ್ನು ಬರೀ ಮೇಲಿನ ಕೈಯಲ್ಲಿ, ತೋಳು ನೀಡಿ ಮುಂದಕ್ಕೆ ಹಿಡಿ, ಹತ್ತು ಎಣಿಸುತ್ತೇನೆ ಎಂದರು. ನಾಲ್ಕಕ್ಕೇ ಬ್ಯಾಟಿನ ತುದಿ ಇಳಿಯಿತು. ಇನ್ನೊಮ್ಮೆ, ಐದು. ಸರ್ ಬ್ಯಾಟನ್ನು ತೆಗೆದುಕೊಂಡು ತಿರುಗಿಸಿ ನೋಡಿ ಕಟ್ಟೆಯ ಕಡೆಗೆ ಬಂದರು.

“ಆಜೋಬಾ, ಇದನ್ನು ಕೊಂಡವರು ಯಾರು?”

ನಾವೇ. ಕಾಶ್ಮೀರಿ ವಿಲ್ಲೋ, ಐದನೆಯ ನಂಬರು. ಹುಡುಗನ ಎತ್ತರಕ್ಕೆ ನಾಲ್ಕನೆಯದು ಸಾಕೆಂದು ಅಂದು ಅಂಗಡಿಯ ಗೋಡೆಯ ಮೇಲಿನ ಪಟ್ಟಿಯೇ ಹೇಳಿತ್ತು. ಮುಂದಿನ ವರ್ಷಕ್ಕೂ ಬರಲಿ ಎಂದು ಒಂದು ನಂಬರು ದೊಡ್ಡದನ್ನು ಕೊಂಡೆವು. ಶಾಲೆಯ ಚಡ್ಡಿ, ಬೂಟು, ರೇನ್‌ಕೋಟು, ನಮ್ಮ ಮನೆತನದಲ್ಲಿ ಯಾವುದೂ ಆಯಾ ವರ್ಷದ ಅಳತೆಗೆ ಬಂದದ್ದಿಲ್ಲ. ಭಾರ ಎಂದು ಹುಡುಗ ಒಮ್ಮೆ ಹೇಳಿದ್ದ. ಸಚಿನ್ ಅಣ್ಣನ ಬ್ಯಾಟಿನಲ್ಲೇ ಆಡಿ ದೊಡ್ಡವನಾದ, ಗೊತ್ತೇನು ಎಂದು ಬಾಯಿ ಮುಚ್ಚಿಸಿದ್ದೆವು. ಸರ್‌ಗೂ ಅದನ್ನೇ ಹೇಳಿದೆವು, ಸ್ವಲ್ಪ ತಗ್ಗಿದ ದನಿಯಲ್ಲಿ.

ಸರ್ ನಕ್ಕರು. “ಅವನು ಸಚಿನ್. ಇವನು ಇವನು” ಎಂದು ಹೇಳಿ, ಪೆನ್ಸಿಲ್ಲು ತೆಗೆದು ಪುಟದಲ್ಲಿ ಏನನ್ನೋ ಬರೆದುಕೊಂಡು ನೆಟ್ಟಿನ ಕಡೆಗೆ ನಡೆದರು.

ಆ ಶನಿವಾರ ಸಂಜೆ ವಾಶಿಯ ಅಂಗಡಿಗೆ ಹೋದೆವು. ಅಂಗಡಿಯಾತ ಹುಡುಗನನ್ನು ಮೇಲಿನಿಂದ ಕೆಳಗೆ ನೋಡಿ, “ಬೆಳೆಯುವ ಮಗು, ಕಾಕಾ. ಒಂದು ನಂಬರು ದೊಡ್ಡದೇ ಒಯ್ಯಿರಿ, ಎರಡು ವರ್ಷ ಚಿಂತೆಯಿಲ್ಲ” ಎಂದ. ಮೊಮ್ಮಗ ನಮ್ಮ ಮುಖ ನೋಡಿದ. ನಾಲ್ಕನೆಯದನ್ನು ತೆಗೆಸಿದೆವು. ಅವನು ಅದನ್ನು ಅಂಗಡಿಯಲ್ಲೇ ಮೇಲಿನ ಕೈಯಲ್ಲಿ ನೀಡಿ ಹಿಡಿದು, ತುಟಿಯೊಳಗೇ ಎಣಿಸಿಕೊಂಡ. ಐದನೆಯದು ಅಟ್ಟದ ಮೇಲಿದೆ.